ಮತ್ತೆ ಅದೇ ಪ್ರಶ್ನೆಗಳು: ಕಠಿಣ ಕಾನೂನು, ಮಂತ್ರದ ಕೋಲು ಮತ್ತು ವಾರಸುದಾರರಿಲ್ಲದ ಬ್ಯಾಗು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ ಐದಾರು ಪ್ರಶ್ನೆಗಳು. ಎಲ್ಲೋ ಒಂದು ದಾಳಿ ನಡೆದ ವಾರವಂತೂ ರಾಶಿ ಬೀಳುತ್ತವೆ. ಭಯೋತ್ಪಾದನೆ ಎಂದರೇನು, ಅದು ಯಾಕೆ ತಪ್ಪು ಎಂಬಲ್ಲಿಂದ ಪಾಠ ಶುರು ಮಾಡುವ ವ್ಯವಧಾನ ನನಗಿಲ್ಲ. ಅಷ್ಟು ಓದುಗರಿಗೆ ಗೊತ್ತಿದೆ ಎಂದುಕೊಂಡೇ ಉತ್ತರಿಸುತ್ತೇನೆ.

ಪ್ರಶ್ನೆ: ದಾಳಿಗೆ ಹೋಗುವವರಿಗೆ ಅಮಲು ಪದಾರ್ಥ ತಿನ್ನಿಸಿ ಕಳಿಸುತ್ತಾರಂತೆ. ಇಂಗ್ಲಿಷಿನ ‘ಅಸಾಸಿನ್’ (ಹಂತಕ) ಪದವೇ ಹಶೀಶ್‌ನಿಂದ ಬಂದದ್ದಂತೆ. ನಿಜವೇ?

ಪದದ ನಂಟು ಇದ್ದೀತು. ಅದು ವೈರಿಗಳು ಬೈಯಲು ಇಟ್ಟ ಹೆಸರು. ಕಥೆ ಮಾತ್ರ ಕಟ್ಟುಕಥೆ. ಆ ಹೆಸರು ಹೊತ್ತ ನಿಜಾರಿ ಪಂಥದ ನಾಯಕ ಹಸನ್ ಸಬ್ಬಾಹ್ ಪರ್ಷಿಯಾದ ಅಲಮುತ್ ಕೋಟೆ ಹಿಡಿದದ್ದು 1090ರಲ್ಲಿ, ಅವನ ಕಡೆಯವರು ವಜೀರ ನಿಜಾಮ್ ಉಲ್ ಮುಲ್ಕನನ್ನು ಕೊಂದದ್ದು 1092ರಲ್ಲಿ, ಕೋಟೆ ಮಂಗೋಲರ ಪಾಲಾದದ್ದು 1256ರಲ್ಲಿ. ಅಮಲೇರಿಸಿ, ತೋಟದಲ್ಲಿ ಸ್ವರ್ಗ ತೋರಿಸಿ ಕಳಿಸುತ್ತಿದ್ದರೆಂಬ ಕಥೆಯನ್ನು ಲೋಕಕ್ಕೆಲ್ಲ ಹಂಚಿದ ಮಾರ್ಕೊ ಪೋಲೊ ಹುಟ್ಟಿದ್ದು 1254ರಲ್ಲಿ. ಕೋಟೆ ಬಿದ್ದಾಗ ಎರಡು ವರ್ಷದ ಕೂಸು. ಕಣ್ಣಾರೆ ಕಂಡವರ ಬರಹದಲ್ಲಿ ಇಲ್ಲದ್ದು ಅವನಿಗೆ ಹೇಗೆ ತಿಳಿಯಿತು? ಅದಿರಲಿ, ತಿಂಗಳುಗಟ್ಟಲೆ ವೇಷ ಮರೆಸಿಕೊಂಡು ಸಮಯ ಕಾಯುವ ಕೆಲಸ ಅಮಲುಗಣ್ಣಿನವನಿಂದ ಆಗುವಂಥದ್ದಲ್ಲ.

ಪ್ರಶ್ನೆ: ಎಲ್ಲಕ್ಕೂ ಬಡತನವೇ ಮೂಲ ಅಲ್ಲವೇ?

ಅಲ್ಲ. ರಷ್ಯಾದ ದೊರೆಯ ಕೊಲೆಗೆ ಸನ್ನೆ ಕೊಟ್ಟ ಸೋಫಿಯಾ ಪೆರೋವ್‌ಸ್ಕಾಯಾ ರಾಜಧಾನಿಯ ಮಾಜಿ ಗವರ್ನರನ ಮಗಳು. ಪೆರುವಿನ ‘ಶೈನಿಂಗ್ ಪಾತ್’ ಎಂಬ ಉಗ್ರಗಾಮಿ ಗುಂಪು ಕಟ್ಟಿದ ಅಬಿಮಾಯೆಲ್ ಗುಸ್ಮಾನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕ. ಬಡವರ ಮೇಲೆ ಇದೊಂದು ಅಪವಾದವನ್ನೂ ಹೊರಿಸಬೇಡಿ.

ಪ್ರಶ್ನೆ: ಕೋರ್ಟು, ಜಾಮೀನು, ಮಾನವ ಹಕ್ಕು ಎಂದು ಕೂತರೆ ಇದು ಎಂದಿಗೂ ಮುಗಿಯುವುದಿಲ್ಲ. ಒಂದು ಕಠಿಣ ಕಾನೂನು ತಂದು ಸೇನೆಗೆ ಬಿಟ್ಟುಬಿಟ್ಟರೆ ಆರು ತಿಂಗಳಲ್ಲಿ ಮುಗಿಯುತ್ತದೆ. ಯಾಕೆ ಯಾರೂ ಮಾಡುವುದಿಲ್ಲ?

ಮಾಡಿದ್ದಾರೆ. ಒಂದಲ್ಲ, ಹತ್ತಾರು ಸಲ. ಏನಾಯಿತು ಎಂಬುದಕ್ಕೆ ದಾಖಲೆ ಇದೆ. ಓದುವವರಿಲ್ಲ, ಅಷ್ಟೇ.

ಮೊದಲು ಲೆಕ್ಕ ನೋಡಿ. ಐವತ್ತೋ ನೂರೋ ಜನರ ಗುಂಪಿಗೆ ಒಂದು ದೇಶವನ್ನು ಸೋಲಿಸುವ ಬಲವಿಲ್ಲ. ಅವರ ಕೈಲಿರುವುದು ಕಿಡಿ. ಸೌದೆಯನ್ನು ಎದುರಿನವರೇ ಒಟ್ಟಬೇಕು. ಸರ್ಕಾರ ಸಿಟ್ಟಿನಲ್ಲಿ ಸಾವಿರಾರು ಮನೆಗಳ ಬಾಗಿಲು ಒಡೆಯಲಿ, ಆ ಮನೆಗಳ ಹುಡುಗರು ತಮ್ಮ ಕಡೆ ಬರಲಿ ಎಂಬುದೇ ಅವರ ಯೋಜನೆ. 1914ರ ಜೂನ್ 28ರಂದು ಸರಾಯೆವೊದಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಎರಡು ಗುಂಡು ಹಾರಿಸಿದ. ಸತ್ತವರು ಇಬ್ಬರು, ಆಸ್ಟ್ರಿಯಾದ ಯುವರಾಜ ಮತ್ತು ಅವನ ಹೆಂಡತಿ. ಪಾಠ ಕಲಿಸುತ್ತೇವೆಂದು ಹೊರಟ ಆಸ್ಟ್ರಿಯಾ–ಹಂಗೇರಿ ಸಾಮ್ರಾಜ್ಯ ನಾಲ್ಕೂವರೆ ವರ್ಷದ ಹೊತ್ತಿಗೆ ನಕ್ಷೆಯಲ್ಲೇ ಇರಲಿಲ್ಲ.

ಈಗ ಕಾನೂನು. ರಷ್ಯಾದ ‘ನರೋದ್ನಾಯಾ ವೋಲ್ಯಾ’ ಗುಂಪು 1881ರ ಮಾರ್ಚ್ 13ರಂದು ದೊರೆ ಎರಡನೆಯ ಅಲೆಕ್ಸಾಂಡರನನ್ನು ಬಾಂಬ್ ಎಸೆದು ಕೊಂದಿತು. ಆಡಳಿತದಲ್ಲಿ ಜನಪ್ರತಿನಿಧಿಗಳಿಗೆ ಒಂದಿಷ್ಟು ಜಾಗ ಕೊಡುವ ಪ್ರಸ್ತಾವಕ್ಕೆ ಅವನು ಅದೇ ಬೆಳಿಗ್ಗೆ ಒಪ್ಪಿಗೆ ಕೊಟ್ಟಿದ್ದ. ಮಗ ಅದನ್ನು ಮೂಲೆಗೆಸೆದು ಆಗಸ್ಟ್‌ನಲ್ಲಿ ತುರ್ತು ನಿಯಮಾವಳಿ ತಂದ. ಅವಧಿ ಮೂರು ವರ್ಷ. 1883ರ ಹೊತ್ತಿಗೆ, ಒಳಗಿನವನೇ ಪೊಲೀಸರಿಗೆ ಬಾಯಿಬಿಟ್ಟದ್ದರಿಂದ, ಗುಂಪಿನ ಬೆನ್ನೆಲುಬು ಮುರಿದಿತ್ತು. ಮೂರು ವರ್ಷದ ನಿಯಮಾವಳಿ ಮಾತ್ರ ನವೀಕರಣವಾಗುತ್ತಾ 1917ರವರೆಗೆ ನಡೆಯಿತು. ರೋಗ ಹೋದ ಮೇಲೆ ಮೂವತ್ತನಾಲ್ಕು ವರ್ಷ ಔಷಧಿ ಕುಡಿಸಿದರು. ಕೊನೆಗೆ ರೋಗಿಯೇ ಎದ್ದು ವೈದ್ಯನನ್ನು ಹೊರಹಾಕಿದ.

ಇದು ಹಳೆಯ ಕಾಲದ ಮಾತು ಎನ್ನಬೇಡಿ. ಬ್ರಿಟನ್ನಿನ 1974ರ ಭಯೋತ್ಪಾದನಾ ತಡೆ ಕಾಯ್ದೆಯ ಹೆಸರಿನಲ್ಲೇ ‘ತಾತ್ಕಾಲಿಕ’ ಎಂದಿತ್ತು. 2000ರಲ್ಲಿ ಇನ್ನೊಂದು ಕಾಯ್ದೆ ಬರುವವರೆಗೂ ಅದರ ರೂಪಗಳು ಬಾಳಿದವು. ಹೊಸದು ತಾತ್ಕಾಲಿಕ ಎಂಬ ನಾಚಿಕೆಯನ್ನೂ ಬಿಟ್ಟಿತು. ಭಾರತದ ಟಾಡಾ 1985ರಲ್ಲಿ ಎರಡು ವರ್ಷಕ್ಕೆಂದು ಬಂದು 1995ರ ಮೇ ತಿಂಗಳವರೆಗೆ ಇತ್ತು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಅದರಡಿ ಸಾಕ್ಷ್ಯವಾಗುತ್ತಿತ್ತು. ಒಳಗೆ ಹೋದವರು ಹತ್ತಾರು ಸಾವಿರ, ಶಿಕ್ಷೆಯಾದದ್ದು ಬೆರಳೆಣಿಕೆಯ ಪಾಲು. ಉಗ್ರರ ಹಾವಳಿ ಹೆಚ್ಚಿಲ್ಲದ ಗುಜರಾತಿನಲ್ಲೂ ಸಾವಿರಾರು ಜನರ ಮೇಲೆ ಅದನ್ನು ಹಾಕಿದ್ದರು. ಆಮೇಲೆ 2002ರಲ್ಲಿ ಪೋಟಾ. 2004ರಲ್ಲಿ ಅದನ್ನು ರದ್ದು ಮಾಡಿ ಅದರ ಹಲವು ಕಲಮುಗಳನ್ನು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಕೂರಿಸಿದರು. ಆದ್ದರಿಂದ ಯಾವುದೇ ದೇಶದಲ್ಲಿ ಹೊಸ ಕಠಿಣ ಕಾನೂನು ಬಂದಾಗ ಅದರ ಹೆಸರಿನ ಅಬ್ಬರಕ್ಕೆ ಕಿವಿಗೊಡಬೇಡಿ. ಅವಧಿ ಮುಗಿಯುವ ದಿನಾಂಕ ಎಲ್ಲಿದೆ ನೋಡಿ. ಬಂಧಿಸಿದವರೆಷ್ಟು, ಶಿಕ್ಷೆಯಾದವರೆಷ್ಟು ಎಂದು ವರ್ಷಕ್ಕೊಮ್ಮೆ ಸದನಕ್ಕೆ ಹೇಳಬೇಕೆಂದು ಬರೆದಿದೆಯೇ ನೋಡಿ. ಬಂಧನವನ್ನು ಪೊಲೀಸರಲ್ಲದ ಯಾರಾದರೂ ಎಷ್ಟು ದಿನದೊಳಗೆ ಪರಿಶೀಲಿಸುತ್ತಾರೆ ನೋಡಿ. ಈ ಮೂರೂ ಇಲ್ಲದಿದ್ದರೆ ಅದು ಉಗ್ರರಿಗಿಂತ ಮೊದಲು ಉಳಿದವರಿಗೆ ತಗಲುತ್ತದೆ.

ಸೇನೆಗೆ ಬಿಟ್ಟದ್ದಕ್ಕೆ ಉದಾಹರಣೆ ಬೇಕೇ? ಉತ್ತರ ಐರ್ಲೆಂಡ್, 1971ರ ಆಗಸ್ಟ್ 9, ಬೆಳಗಿನ ಜಾವ. ವಿಚಾರಣೆಯಿಲ್ಲದೆ ಕೂಡಿಡುವ ಅಧಿಕಾರ ಕೈಲಿತ್ತು. ಸೈನಿಕರು ಪಟ್ಟಿ ಹಿಡಿದು ಮನೆ ಮನೆಗೆ ನುಗ್ಗಿ 342 ಜನರನ್ನು ಎಳೆದೊಯ್ದರು. ತಪ್ಪಿದ್ದು ಎಲ್ಲಿ? ಪಟ್ಟಿ ಹಳೆಯದು. ಹಿಂದಿನ ತಲೆಮಾರಿನ, ಎಂದೋ ಮನೆ ಸೇರಿದ್ದ ಮುದುಕರ ಹೆಸರು ಅದರಲ್ಲಿದ್ದವು. ಕೆಲವರು ಸತ್ತೇ ಹೋಗಿದ್ದರು. ಸುಳಿವು ಸಿಕ್ಕಿದ್ದ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ನಿಜವಾದ ಐಆರ್‌ಎ ಮುಖಂಡರು ಆ ರಾತ್ರಿ ಮನೆಯಲ್ಲಿ ಮಲಗಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿಯನ್ನು ಎರಡೇ ದಿನದಲ್ಲಿ ಬಿಡಬೇಕಾಯಿತು. ಬಾಂಬ್ ಇಡುವವರು ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ಕಡೆ ಇದ್ದರೂ ಅಂದು ಹಿಡಿದದ್ದು ಹೆಚ್ಚುಕಡಿಮೆ ಕ್ಯಾಥೊಲಿಕರನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಿಡಿದವರಲ್ಲಿ ಹದಿನಾಲ್ಕು ಮಂದಿಯನ್ನು ತಲೆಗೆ ಚೀಲ ಮುಚ್ಚಿ, ಗೋಡೆಗೆ ಕೈಯೂರಿಸಿ ನಿಲ್ಲಿಸಿ, ನಿದ್ದೆಗೆಡಿಸಿ ವಿಚಾರಿಸಿದ್ದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1972ರ ಜನವರಿ 30ರಂದು ಡೆರಿಯಲ್ಲಿ ಇದನ್ನು ವಿರೋಧಿಸಿ ನಡೆದ ಮೆರವಣಿಗೆಯ ಮೇಲೆ ಸೇನೆ ಗುಂಡು ಹಾರಿಸಿ ಹದಿಮೂರು ಜನ ಸ್ಥಳದಲ್ಲೇ ಸತ್ತರು. ಇಡೀ ಮೂವತ್ತು ವರ್ಷದ ಗಲಭೆಯಲ್ಲಿ ಅತಿ ಹೆಚ್ಚು ಜನ ಸತ್ತ ವರ್ಷ ಯಾವುದು? 1972. ನಾಲ್ಕು ವರ್ಷದಲ್ಲಿ 1,981 ಜನರನ್ನು ಕೂಡಿಟ್ಟು, 1975ರ ಡಿಸೆಂಬರ್‌ನಲ್ಲಿ ಸರ್ಕಾರವೇ ಆ ಪದ್ಧತಿಯನ್ನು ಕೈಬಿಟ್ಟಿತು.

ಹೊಡೆದು ಬಾಯಿಬಿಡಿಸುವುದರ ಬಗ್ಗೆ ಇನ್ನೊಂದು ಮಾತು. ನೀತಿಯ ಮಾತು ಪಕ್ಕಕ್ಕಿಡಿ, ತನಿಖೆಯ ದೃಷ್ಟಿಯಿಂದಲೇ ನೋಡಿ. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್‌ಗಳಲ್ಲಿ 21 ಜನ ಸತ್ತರು. ಆರು ಜನರನ್ನು ಹಿಡಿದು, ಹೊಡೆದು, ನಾಲ್ವರಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. 1991ರಲ್ಲಿ ಆ ಆರೂ ಜನ ನಿರಪರಾಧಿಗಳೆಂದು ಹೊರಬಂದರು. ಹದಿನಾರು ವರ್ಷ ಅವರು ಒಳಗಿದ್ದರು, ಬಾಂಬ್ ಇಟ್ಟವರು ಹೊರಗಿದ್ದರು. ಸುಳ್ಳು ತಪ್ಪೊಪ್ಪಿಗೆ ಮಾಡುವ ದೊಡ್ಡ ಹಾನಿ ಇದೇ: ಕಡತ ಮುಚ್ಚಿಬಿಡುತ್ತದೆ, ಆಮೇಲೆ ಹುಡುಕುವವರೇ ಇರುವುದಿಲ್ಲ.

ಹಾಗಾದರೆ ಮುಗಿಯುವುದು ಹೇಗೆ? ಬೇಸರ ಹಿಡಿಸುವ ಕೆಲಸದಿಂದ. ಲಿಮಾ ನಗರದಲ್ಲಿ 1990ರಲ್ಲಿ ಪೆರು ಪೊಲೀಸರ ಒಂದು ಪುಟ್ಟ ತಂಡ ಗುಸ್ಮಾನ್‌ನ ಬೆನ್ನು ಹತ್ತಿತು. ಬಾಗಿಲು ಒಡೆಯುವುದನ್ನು ಬಿಟ್ಟು ಹಿಂಬಾಲಿಸುವುದು, ಫೋಟೊ ತೆಗೆಯುವುದು, ಬರೆದಿಡುವುದು, ಇಷ್ಟೇ. ಅನುಮಾನ ಬಂದವನನ್ನು ತಕ್ಷಣ ಹಿಡಿಯುತ್ತಿರಲಿಲ್ಲ, ಅವನು ಯಾರನ್ನು ಭೇಟಿಯಾಗುತ್ತಾನೆ ಎಂದು ಕಾಯುತ್ತಿದ್ದರು. ಹೀಗೆ ಕಣ್ಣಿಗೆ ಬಿದ್ದದ್ದು ಕೆಳಗೆ ನೃತ್ಯಶಾಲೆ ಇದ್ದ ಒಂದು ಮನೆ. ಅಲ್ಲಿಂದ ಹೊರಬರುವ ಕಸವನ್ನು ತಂದು ದಿನವೂ ಬಿಡಿಸಿ ನೋಡತೊಡಗಿದರು. ಇಬ್ಬರು ಇರುವ ಮನೆಗೆ ಕಸ ಜಾಸ್ತಿ. ಗುಸ್ಮಾನ್ ಸೇದುವ ಜಾತಿಯ ಸಿಗರೇಟಿನ ತುಂಡುಗಳು ಸಿಕ್ಕವು. ಜೊತೆಗೆ ಸೋರಿಯಾಸಿಸ್‌ಗೆ ಹಚ್ಚುವ ಮುಲಾಮಿನ ಖಾಲಿ ಟ್ಯೂಬು. ಅವನಿಗೆ ಆ ಚರ್ಮರೋಗ ಇರುವುದು ಕಡತದಲ್ಲಿತ್ತು. 1992ರ ಸೆಪ್ಟೆಂಬರ್ 12ರ ರಾತ್ರಿ ಮಹಡಿ ಹತ್ತಿ ಹಿಡಿದರು. ಒಬ್ಬರೂ ಸಾಯಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ಫುಜಿಮೊರಿ ಸಂಸತ್ತನ್ನೇ ವಿಸರ್ಜಿಸಿ ಎಲ್ಲ ಅಧಿಕಾರ ಕೈಗೆ ತೆಗೆದುಕೊಂಡಿದ್ದ. ಆದರೆ ಕಸ ಬಿಡಿಸಲು ಅಂಥ ಅಧಿಕಾರ ಬೇಕಾಗಿರಲಿಲ್ಲ, ತಂಡ ಅದಕ್ಕೂ ಎರಡು ವರ್ಷ ಮೊದಲೇ ಕೆಲಸ ಶುರು ಮಾಡಿತ್ತು. ಹಳ್ಳಿಗಳಲ್ಲಿ ಸೇನೆ ನಡೆಸಿದ ಕಾರ್ಯಾಚರಣೆಯ ಲೆಕ್ಕವೇ ಬೇರೆ. ಆ ಇಪ್ಪತ್ತು ವರ್ಷಗಳಲ್ಲಿ ಸತ್ತವರು ಸುಮಾರು 69,000 ಎಂದು ಪೆರುವಿನ ಸತ್ಯ ಆಯೋಗ 2003ರಲ್ಲಿ ಅಂದಾಜಿಸಿತು. ಅರ್ಧಕ್ಕಿಂತ ಹೆಚ್ಚು ಸಾವು ಶೈನಿಂಗ್ ಪಾತ್‌ನ ತಲೆಗೆ, ದೊಡ್ಡದೊಂದು ಪಾಲು ಸರ್ಕಾರಿ ಪಡೆಗಳ ತಲೆಗೆ.

ಇಟಲಿಯದು ಇನ್ನೊಂದು ದಾರಿ. 1978ರಲ್ಲಿ ‘ರೆಡ್ ಬ್ರಿಗೇಡ್ಸ್’ ಎಂಬ ಎಡಪಂಥೀಯ ಉಗ್ರರ ಗುಂಪು ಮಾಜಿ ಪ್ರಧಾನಿ ಆಲ್ಡೊ ಮೊರೊ ಅವರನ್ನು ಅಪಹರಿಸಿ 55 ದಿನ ಇಟ್ಟುಕೊಂಡು ಕೊಂದಿತು. ಮರುವರ್ಷ ಜಿನೋವಾದಲ್ಲಿ, ತಮ್ಮ ಕರಪತ್ರ ಹಂಚುತ್ತಿದ್ದವನನ್ನು ಪೊಲೀಸರಿಗೆ ತೋರಿಸಿಕೊಟ್ಟ ಕಾರ್ಮಿಕ ನಾಯಕ ಗುಯಿಡೊ ರೊಸ್ಸಾರನ್ನು ಗುಂಡಿಕ್ಕಿತು. ಕಾರ್ಮಿಕರ ಪರ ಎನ್ನುವವರು ಕಾರ್ಮಿಕನನ್ನೇ ಕೊಂದರು. ಶವಯಾತ್ರೆಗೆ ಕಾರ್ಖಾನೆಗಳೇ ಎದ್ದು ಬಂದವು. ಅಲ್ಲಿಂದ ಗುಂಪಿಗೆ ಕಾರ್ಮಿಕರ ಕೇರಿಯಲ್ಲಿ ಆಶ್ರಯ ಸಿಗುವುದು ಕಷ್ಟವಾಯಿತು. ಅದೇ ಹೊತ್ತಿಗೆ, ಒಡನಾಡಿಗಳ ಸುಳಿವು ಕೊಟ್ಟವರಿಗೆ ಶಿಕ್ಷೆ ಇಳಿಸುವ ಕಾನೂನು ಬಂತು. ಒಬ್ಬ ಬಾಯಿಬಿಟ್ಟರೆ ಹತ್ತು ಅಡಗುದಾಣ ಸಿಗುತ್ತಿತ್ತು. ಕಾನೂನು ಕಠಿಣವಾದಾಗಲ್ಲ, ಹೊರಬರಲು ಒಂದು ಬಾಗಿಲು ತೆರೆದಾಗ ಗುಂಪು ಒಡೆಯಿತು. ಈ ಮಾಫಿ ಸಾಕ್ಷಿಗಳ ವ್ಯವಸ್ಥೆಗೂ ತೊಂದರೆಗಳಿವೆ. ಹೆಚ್ಚು ಗೊತ್ತಿರುವ ದೊಡ್ಡ ಅಪರಾಧಿಗೆ ಹೆಚ್ಚು ರಿಯಾಯಿತಿ, ಏನೂ ಗೊತ್ತಿಲ್ಲದ ಚಿಲ್ಲರೆ ಹುಡುಗನಿಗೆ ಪೂರ್ತಿ ಶಿಕ್ಷೆ. ಸತ್ತವರ ಮನೆಯವರಿಗೆ ಇದನ್ನು ಸಮಜಾಯಿಷಿ ಹೇಳುವುದು ಸುಲಭವಲ್ಲ.

ಅಂಕಿಯೇ ಬೇಕು ಎನ್ನುವವರಿಗೆ: 1968ರಿಂದ 2006ರ ನಡುವೆ ಕೊನೆಗೊಂಡ 268 ಗುಂಪುಗಳನ್ನು ನೀತಿ ಸಂಶೋಧನೆ ನಡೆಸುವ ಅಮೆರಿಕದ ರ‍್ಯಾಂಡ್ ಸಂಸ್ಥೆ ಪರಿಶೀಲಿಸಿ 2008ರಲ್ಲಿ ವರದಿ ಕೊಟ್ಟಿತು. ಶೇ 43 ರಾಜಕೀಯಕ್ಕೆ ಬಂದು ಮುಗಿದವು, ಶೇ 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ, ಶೇ 10 ತಮ್ಮ ಗುರಿ ಸಾಧಿಸಿ. ಸೇನಾಬಲದಿಂದ ಮುಗಿದದ್ದು ಶೇ 7. ಇಲ್ಲಿಗೆ ಬರುತ್ತಿದ್ದಂತೆ ಎಲ್ಲರೂ ಶ್ರೀಲಂಕಾ ಎನ್ನುತ್ತಾರೆ. ಎಲ್‌ಟಿಟಿಇ ನೆಲ ಹಿಡಿದಿದ್ದ, ನೌಕಾಪಡೆ ಕಟ್ಟಿದ್ದ ಸೈನ್ಯ. ಸೈನ್ಯದ ಎದುರು ಸೈನ್ಯ ಹೋಗುತ್ತದೆ. ನಗರದ ಬಾಡಿಗೆ ಕೋಣೆಯಲ್ಲಿ ಕೂತ ಆರು ಜನರ ಮೇಲೆ ಫಿರಂಗಿ ಹಾರಿಸಲು ಬರುವುದಿಲ್ಲ. 2009ರ ಆ ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿದ್ದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಕೊನೆಯದಾಗಿ, ದಾಳಿಗಳು ನಡೆಯುವುದು ಕಾನೂನು ಸಡಿಲವಿದ್ದುದರಿಂದ ಎಂಬ ನಂಬಿಕೆ. ವಿಚಾರಣಾ ವರದಿಗಳು ಹೇಳುವುದು ಬೇರೆಯೇ. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತರು. ವ್ಯಾಂಕೂವರ್‌ನಲ್ಲಿ ಮುಂದಿನ ವಿಮಾನಕ್ಕೆ ಸೀಟು ಖಚಿತವಿಲ್ಲದ ವ್ಯಕ್ತಿಯೊಬ್ಬ ತನ್ನ ಸೂಟ್‌ಕೇಸನ್ನು ನೇರವಾಗಿ ಏರ್ ಇಂಡಿಯಾಕ್ಕೆ ಕಳಿಸಲೇಬೇಕೆಂದು ಹಠ ಹಿಡಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಕೌಂಟರಿನವರು ಒಪ್ಪಿಕೊಂಡರು. ಅವನು ವಿಮಾನ ಹತ್ತಲಿಲ್ಲ, ಪೆಟ್ಟಿಗೆ ಹತ್ತಿತು. ಟೊರೊಂಟೊದಲ್ಲಿ ಎಕ್ಸ್‌ರೇ ಯಂತ್ರ ನಡುವೆಯೇ ಕೆಟ್ಟು ನಿಂತಿತು. 2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನ ಸತ್ತರು. ಪ್ರಧಾನಿ ಕಚೇರಿಯ ಮುಂದಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂದು 2004ರಲ್ಲೇ ತೀರ್ಮಾನವಾಗಿತ್ತು, ಏಳು ವರ್ಷ ಮುಚ್ಚಿರಲಿಲ್ಲ. ಆ ದಾರಿಯಲ್ಲೇ ತಂದಿಟ್ಟ ಬಾಂಬ್ ಸ್ಫೋಟವಾಗಿ ಹತ್ತು ನಿಮಿಷದೊಳಗೆ ದಾರಿಹೋಕರೊಬ್ಬರು ಶಂಕಿತನ ಕಾರಿನ ನಂಬರ್ ಫೋನ್ ಮಾಡಿ ಹೇಳಿದ್ದರು. ಬರೆದುಕೊಂಡ ಚೀಟಿ ಸುಮಾರು ಇಪ್ಪತ್ತು ನಿಮಿಷ ಮೇಜಿನ ಮೇಲೆ ಬಿದ್ದಿತ್ತು. ಅವನು ಅದೇ ಕಾರಿನಲ್ಲಿ ಉಟೊಯಾ ದ್ವೀಪದ ದಾರಿ ಹಿಡಿದಿದ್ದ, ಹೆಚ್ಚಿನವರು ಸತ್ತದ್ದು ಅಲ್ಲೇ. ಯಾವ ಕಠಿಣ ಕಾನೂನು ಆ ಚೀಟಿಯನ್ನು ಎತ್ತಿ ಓದುತ್ತಿತ್ತು? ಅಂದಹಾಗೆ ಅವನನ್ನು ಸಾಮಾನ್ಯ ನ್ಯಾಯಾಲಯದಲ್ಲೇ ವಿಚಾರಿಸಿ, ಮರುವರ್ಷವೇ ಶಿಕ್ಷೆ ವಿಧಿಸಿದರು.

ಪ್ರಶ್ನೆ: ಮುಖ ನೋಡಿಯೇ ಉಗ್ರರನ್ನು ಪತ್ತೆಹಚ್ಚುವ ಯಂತ್ರ, ದೂರದಿಂದಲೇ ಬಾಂಬ್ ಹಿಡಿಯುವ ಸಾಧನ ಬಂದಿದೆಯಂತೆ. ಎಲ್ಲ ಕಡೆ ಯಾಕೆ ಹಾಕುವುದಿಲ್ಲ?

ಬಾಂಬ್ ಹಿಡಿಯುವ ಸಾಧನದ ಕಥೆ ಮೊದಲು. ಎಡಿಇ 651 ಎಂಬುದನ್ನು ಜೇಮ್ಸ್ ಮೆಕಾರ್ಮಿಕ್ ಎಂಬ ಬ್ರಿಟಿಷ್ ವ್ಯಾಪಾರಿ ಇರಾಕ್‌ಗೆ ಮಾರಿದ. ಪ್ಲಾಸ್ಟಿಕ್ ಹಿಡಿಕೆ, ಅದರ ತುದಿಯಲ್ಲಿ ಅತ್ತಿತ್ತ ತಿರುಗುವ ಆಂಟೆನಾ. ಬ್ಯಾಟರಿ ಇಲ್ಲ, ಒಳಗೆ ಸರ್ಕ್ಯೂಟೂ ಇಲ್ಲ. ಕಳೆದ ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಆಟಿಕೆಯೇ ಇದರ ಮೂಲ. ಕೈ ತುಸು ಓರೆಯಾದರೆ ಆಂಟೆನಾ ತಿರುಗುತ್ತದೆ. ಹಿಡಿದವನ ಮನಸ್ಸಿನ ಅನುಮಾನ ಅರಿವಿಲ್ಲದೆ ಮಣಿಕಟ್ಟಿಗೆ ಬರುತ್ತದೆ. ನೀರು ಹುಡುಕುವ ಕವಲುಕಡ್ಡಿಯ ಗುಟ್ಟೂ ಇದೇ. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಇದನ್ನು ಹಿಡಿದು ನಿಂತವರ ಮುಂದೆಯೇ ಬಾಂಬ್ ಹೊತ್ತ ವಾಹನಗಳು ಹಾದುಹೋದವು. 2013ರಲ್ಲಿ ಮಾರಿದವನಿಗೆ ಹತ್ತು ವರ್ಷ ಜೈಲಾಯಿತು. ಆದರೂ ಇರಾಕ್‌ನಲ್ಲಿ ಪೂರ್ತಿ ಹಿಂತೆಗೆಯುವ ಆದೇಶ ಬಂದದ್ದು 2016ರ ಜುಲೈಯಲ್ಲಿ, ಕರ್ರಾದಾ ಬಡಾವಣೆಯಲ್ಲಿ ನೂರಾರು ಜನ ಸತ್ತ ಮೇಲೆ. ಯಾರಾದರೂ ಇಂಥದ್ದು ಮಾರಲು ಬಂದರೆ ಒಂದೇ ಪರೀಕ್ಷೆ ಸಾಕು. ಹತ್ತು ಮುಚ್ಚಿದ ಡಬ್ಬ, ಒಂದರಲ್ಲಿ ಮಾತ್ರ ವಸ್ತು. ಯಾವುದರಲ್ಲಿದೆ ಎಂದು ಸಾಧನ ಹಿಡಿದವನಿಗೂ ಗೊತ್ತಿರಬಾರದು, ಪಕ್ಕದಲ್ಲಿ ನಿಂತವನಿಗೂ ಗೊತ್ತಿರಬಾರದು. ಇಪ್ಪತ್ತು ಸಲ ಮಾಡಿಸಿ. ಮಂತ್ರದ ಕೋಲು ಎರಡು ಮೂರು ಸಲ ಸರಿ ಹೇಳೀತು. ಅದು ಕಣ್ಣುಮುಚ್ಚಿ ಹೇಳಿದರೂ ಬರುವ ಲೆಕ್ಕ.

ಮುಖ ನೋಡುವ ಯಂತ್ರದ್ದು ಗಣಿತದ ತೊಂದರೆ. ಒಂದು ಕೋಟಿ ಜನರಲ್ಲಿ ನೂರು ಉಗ್ರರಿದ್ದಾರೆ ಎನ್ನಿ. ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಎನ್ನಿ. ಅಂಥದ್ದು ಯಾವುದೂ ಇಲ್ಲ, ಇರಲಿ. ಅದು 99 ಉಗ್ರರನ್ನು ಹಿಡಿಯುತ್ತದೆ, ಜೊತೆಗೆ 99,999 ಅಮಾಯಕರನ್ನೂ. ಗಂಟೆ ಹೊಡೆದುಕೊಂಡ ಸಾವಿರ ಸಲದಲ್ಲಿ 999 ಸಲ ಸುಳ್ಳು. ಮೂರನೆಯ ದಿನ ಪೇದೆ ಆ ಗಂಟೆಯನ್ನೇ ಬಂದ್ ಮಾಡಿಡುತ್ತಾನೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹಾವಭಾವ ನೋಡಿ ಶಂಕಿತರನ್ನು ಗುರುತಿಸುವ ಯೋಜನೆಗೆ ಸುಮಾರು 90 ಕೋಟಿ ಡಾಲರ್ ಸುರಿದಿದ್ದಾರೆ, ಅದು ನಿಜಕ್ಕೂ ಕೆಲಸ ಮಾಡುತ್ತದೆ ಎನ್ನಲು ಆಧಾರವಿಲ್ಲ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2013ರಲ್ಲಿ ಹೇಳಿತು.

ಪ್ರಶ್ನೆ: ಮುಂದಿನ ದಾಳಿ ಎಲ್ಲಿ ನಡೆಯಬಹುದು?

ಜ್ಯೋತಿಷಿಗಳನ್ನು ಕೇಳಿ. ಟಿ.ವಿ.ಯಲ್ಲಿ ಕೂತು ಹೇಳುವವರಿಗಿಂತ ಶುಲ್ಕ ಕಡಿಮೆ, ಗುಣಮಟ್ಟ ಒಂದೇ.

ಪ್ರಶ್ನೆ: ದಾಳಿಯ ವಿಡಿಯೊ ಹಂಚಿಕೊಂಡರೆ ಜನ ಎಚ್ಚೆತ್ತುಕೊಳ್ಳುವುದಿಲ್ಲವೇ?

ಇಲ್ಲ, ದಾಳಿಕೋರನಿಗೆ ಪುಕ್ಕಟೆ ಪ್ರಚಾರ ಸಿಗುತ್ತದೆ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನ ನೇರಪ್ರಸಾರವನ್ನು ಆ ಹೊತ್ತಿಗೆ ನೋಡಿದವರು 200ಕ್ಕೂ ಕಡಿಮೆ. ಮುಂದಿನ 24 ಗಂಟೆಯಲ್ಲಿ ಫೇಸ್‌ಬುಕ್ ತಡೆದ ಮತ್ತು ಅಳಿಸಿದ ಪ್ರತಿಗಳು 15 ಲಕ್ಷ. ಅಷ್ಟು ಪ್ರತಿ ಮಾಡಿ ಹಾಕಿದವನು ಕೊಲೆಗಾರನಲ್ಲ. ನೇರಪ್ರಸಾರದ ಅಪಾಯ ಹಳೆಯದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪೊಲೀಸರು ಮಾಡಿನ ಮೇಲೆ ಹತ್ತುವುದನ್ನು ಒತ್ತೆಯಾಳುಗಳನ್ನು ಇಟ್ಟುಕೊಂಡವರೇ ಕೋಣೆಯ ಟಿ.ವಿ.ಯಲ್ಲಿ ನೋಡಬಹುದಾಗಿತ್ತು. 2008ರ ಮುಂಬೈ ದಾಳಿಯ ಪ್ರಸಾರವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಕಟುವಾಗಿ ಟೀಕಿಸಿತು. ಇನ್ನೊಂದು ತುದಿಯ ಮೂರ್ಖತನವೂ ಇದೆ. ಬ್ರಿಟನ್ 1988ರಿಂದ 1994ರವರೆಗೆ ಐಆರ್‌ಎ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷದ ನಾಯಕರ ಧ್ವನಿಯನ್ನು ಪ್ರಸಾರ ಮಾಡದಂತೆ ನಿಷೇಧಿಸಿತು. ವಾಹಿನಿಗಳು ನಟರಿಂದ ಅದೇ ಮಾತನ್ನು ತುಟಿಗೆ ಹೊಂದಿಸಿ ಹೇಳಿಸಿದವು.

ನಿಮ್ಮ ಫೋನಿನಲ್ಲೇ ದೃಶ್ಯ ಇದ್ದರೆ ಮೂಲ ಫೈಲನ್ನು ಹಾಗೆಯೇ ತನಿಖಾಧಿಕಾರಿಗೆ ಕೊಡಿ. ಗುಂಪಿಗೆ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಸಮಯ ಮತ್ತು ಸ್ಥಳದ ವಿವರ ಹೋಗಿರುತ್ತದೆ.

ಪ್ರಶ್ನೆ: ಬಸ್ಸಿನಲ್ಲೋ ನಿಲ್ದಾಣದಲ್ಲೋ ಯಾರದ್ದೂ ಅಲ್ಲದ ಬ್ಯಾಗು ಕಂಡರೆ ಏನು ಮಾಡಬೇಕು?

ಇದೊಂದು ಒಳ್ಳೆಯ ಪ್ರಶ್ನೆ, ಕೇಳುವವರೇ ಕಡಿಮೆ. ಹತ್ತಕ್ಕೆ ಹತ್ತು ಸಲ ಎಂಬಂತೆ ಅದು ಮರೆತ ಬ್ಯಾಗೇ ಆಗಿರುತ್ತದೆ. ಬ್ರಿಟನ್ನಿನ ರೈಲ್ವೆಯವರು ಮೂರು ವಿಷಯ ನೋಡುತ್ತಾರೆ. ಬೇಕೆಂದೇ ಬಚ್ಚಿಟ್ಟಂತಿದೆಯೇ? ತಂತಿ, ಟೇಪು, ಬ್ಯಾಟರಿ, ದ್ರವದಂಥದ್ದು ಎದ್ದು ಕಾಣುತ್ತಿದೆಯೇ? ಆ ಜಾಗದಲ್ಲಿ ಸಾಮಾನ್ಯವಾಗಿ ಇರುವ ವಸ್ತುವೇ, ಅಲ್ಲವೇ? ನಟ್ಟನಡುವೆ ಬೆಂಚಿನ ಮೇಲೆ ಕೂತ ಬ್ಯಾಗಿಗಿಂತ ಕಂಬದ ಹಿಂದೆ ತುರುಕಿದ್ದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಮೊದಲು ಸುತ್ತಲಿನವರನ್ನು ಕೇಳಿ, “ಇದು ಯಾರದ್ದು?”

ಅನುಮಾನ ಉಳಿದರೆ ಮುಟ್ಟಬೇಡಿ, ಸರಿಸಬೇಡಿ, ನೀರು ಸುರಿಯಬೇಡಿ. ಹದಿನೈದು ಮೀಟರ್ ದೂರ ಹೋದ ಮೇಲೆಯೇ ಫೋನ್ ತೆಗೆಯಿರಿ. ಕೈಚೀಲದಷ್ಟಿದ್ದರೆ 100 ಮೀಟರ್, ಸೂಟ್‌ಕೇಸ್ ಅಥವಾ ಕಾರಾದರೆ 200, ಲಾರಿಯಾದರೆ 400 ಮೀಟರ್ ಜನರನ್ನು ದೂರ ಕಳಿಸಬೇಕು. ಬರೀ ದೂರ ಸಾಲದು, ಗಟ್ಟಿ ಗೋಡೆಯ ಮರೆ ಬೇಕು, ಗಾಜಿನ ಎದುರು ನಿಲ್ಲಬಾರದು. ಎಲ್ಲರೂ ಓಡಿ ಸೇರುವ ಜಾಗದಲ್ಲಿ ಎರಡನೆಯದು ಇರಬಹುದು. ಹಾಗಾಗಿ ಸೇರಿದ ಜಾಗವನ್ನೂ ಒಮ್ಮೆ ಕಣ್ಣಾಡಿಸಿ. ಚಿತ್ರ ತೆಗೆಯಲು ಹಿಂದಿರುಗುವವರನ್ನು ಬೈದಾದರೂ ತಡೆಯಿರಿ.

ಸ್ಫೋಟದ ಬದಲು ಕಣ್ಣುರಿ, ಉಸಿರುಗಟ್ಟುವಿಕೆ, ಜನ ಕುಸಿಯುವುದು ಕಂಡರೆ ಗಾಳಿಯಾಡುವ ಬಯಲಿಗೆ ಬನ್ನಿ. ಮೇಲುಡುಪನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿಯೋ ಬಿಚ್ಚಿಯೋ ತೆಗೆಯಿರಿ. ಚರ್ಮಕ್ಕೆ ತಾಗಿದ್ದನ್ನು ಒಣ ಬಟ್ಟೆ, ಕಾಗದದಿಂದ ಒರೆಸಿ. ಚರ್ಮ ಉರಿಯುತ್ತಿದ್ದರೆ ಮಾತ್ರ ನೀರು ಬಳಸಿ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಓಮ್ ಶಿನ್ರಿಕ್ಯೊ ಪಂಥ ಸಾರಿನ್ ಎಂಬ ವಿಷಾನಿಲ ಬಿಟ್ಟಾಗ ಬಹುಪಾಲು ಜನ ಆಂಬುಲೆನ್ಸಿಗೆ ಕಾಯದೆ ಅದೇ ಬಟ್ಟೆಯಲ್ಲಿ ನಡೆದೋ ಟ್ಯಾಕ್ಸಿ ಹಿಡಿದೋ ಆಸ್ಪತ್ರೆ ಸೇರಿದರು. ಬಟ್ಟೆಗೆ ಅಂಟಿದ್ದ ವಿಷ ಮುಚ್ಚಿದ ಕೋಣೆಗಳಲ್ಲಿ ಆವಿಯಾಗಿ, ಆರೈಕೆ ಮಾಡುತ್ತಿದ್ದ ಹಲವಾರು ವೈದ್ಯರು, ದಾದಿಯರಿಗೇ ಕಣ್ಣು ಮಂಜಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಹೇಳಬೇಕಾದದ್ದು ಹೆಸರಲ್ಲ, “ನಾನು ಆ ಜಾಗದಿಂದ ಬಂದೆ, ಬಟ್ಟೆ ಇನ್ನೂ ಬದಲಿಸಿಲ್ಲ” ಎಂಬುದು.